ಗಣಿಯಿಂದ ಲಿಸ್ಬನ್ನಿಗೆ

ಸಾಹಿತ್ಯದ ಪಾಠ ಹೇಳುವವನಿಗೆ ಕಾಲ್ಚೆಂಡಾಟದ ಗೊಡವೆ ಏಕೆಂದು ಓದುಗರು ಕೇಳಬಹುದು. ಹುಟ್ಟಿನೊಡನೆ ಬಂದ ಬೇಲಿಗಳನ್ನು ದಾಟಿದವರ ಕಥೆಯನ್ನು ನಾವು ಕಾವ್ಯದಲ್ಲಿ ಅರಸುತ್ತೇವೆ. ಸ್ಕಾಟ್ಲೆಂಡಿನ ಜಾಕ್ ಸ್ಟೀನ್ ಅದನ್ನು ಆಟದ ಬಯಲಿನಲ್ಲಿ ಬಾಳಿ ತೋರಿಸಿದ. ಅವನ ಜೀವನ ನನ್ನನ್ನು ಸೆಳೆದದ್ದು ಆ ಕಾರಣದಿಂದ.

ಸ್ಟೀನ್ ಹುಟ್ಟಿದ್ದು 1922ರಲ್ಲಿ, ಲ್ಯಾನಾರ್ಕ್‌ಶೈರಿನ ಬರ್ನ್‌ಬ್ಯಾಂಕ್ ಎಂಬಲ್ಲಿ. ತಂದೆ ಕಲ್ಲಿದ್ದಲ ಗಣಿಯ ಕೆಲಸಗಾರ. ಮಗನೂ ಹದಿಹರೆಯದಲ್ಲಿಯೇ ಗಣಿಗಿಳಿದ. ವಾರವೆಲ್ಲ ನೆಲದೊಳಗಿನ ಕತ್ತಲೆ, ಶನಿವಾರ ಹಸುರು ಮೈದಾನ. ಹೀಗೆ ಹಲವು ವರ್ಷ ಕಳೆದವು. ಆ ಕತ್ತಲೆಯಲ್ಲಿ ಪಕ್ಕದವನ ಎಚ್ಚರವೇ ತನ್ನ ಪ್ರಾಣಕ್ಕೆ ಕಾವಲು. ಅವನ ಮತ ಯಾವುದೆಂದು ಕೇಳುವ ಹೊತ್ತು ಅದಲ್ಲ. ಮುಂದೆ ಆತ ತಂಡ ಕಟ್ಟಿದ್ದು ಈ ಪಾಠದ ಮೇಲೆಯೇ ಎಂದು ನನ್ನ ನಂಬಿಕೆ.

ನೆಲದ ಮೇಲಿನ ಲೋಕ ಹಾಗಿರಲಿಲ್ಲ. ಗ್ಲಾಸ್ಗೋ ನಗರದಲ್ಲಿ ಆಟವೂ ಮತದಂತೆಯೇ ಇಬ್ಭಾಗವಾಗಿತ್ತು. ಐರ್ಲೆಂಡಿನಿಂದ ವಲಸೆ ಬಂದ ಕ್ಯಾಥೊಲಿಕ್ ಬಡವರ ಹಸಿವು ನೀಗಿಸಲೆಂದು 1887ರಲ್ಲಿ ಹುಟ್ಟಿದ ತಂಡ ಸೆಲ್ಟಿಕ್. ಪ್ರಾಟೆಸ್ಟಂಟರ ಅಭಿಮಾನ ರೇಂಜರ್ಸ್ ತಂಡದ ಕಡೆಗೆ. ಪ್ರಾಟೆಸ್ಟಂಟ್ ಮನೆಯ ಸ್ಟೀನ್ 1951ರಲ್ಲಿ ಸೆಲ್ಟಿಕ್ ಸೇರಿದಾಗ ಹಳೆಯ ಗೆಳೆಯರಲ್ಲಿ ಕೆಲವರು ಮುಖ ತಿರುಗಿಸಿದರು. ಆತ ಹಿಂದೆಗೆಯಲಿಲ್ಲ. ನಾಯಕನಾಗಿ 1954ರಲ್ಲಿ ಲೀಗ್ ಮತ್ತು ಸ್ಕಾಟಿಷ್ ಕಪ್ ಎರಡನ್ನೂ ಗೆದ್ದುಕೊಟ್ಟ. ಕಾಲಿನ ಗಾಯ ಆಟವನ್ನು ಕಸಿದುಕೊಂಡ ಮೇಲೆ ಆಟಗಾರರ ಗುರುವಾದ. 1965ರಲ್ಲಿ ಸೆಲ್ಟಿಕ್ ಅವನನ್ನೇ ಮ್ಯಾನೇಜರನನ್ನಾಗಿ ಕರೆಸಿಕೊಂಡಿತು. ಕ್ಯಾಥೊಲಿಕನಲ್ಲದವನು ಆ ಪದವಿಗೆ ಬಂದದ್ದು ಅದೇ ಮೊದಲು.

ಯೂರೋಪಿನ ದೇಶ ದೇಶಗಳ ವಿಜೇತ ತಂಡಗಳು ಸೆಣಸುವ ಯೂರೋಪಿಯನ್ ಕಪ್ 1955ರಲ್ಲಿ ಆರಂಭವಾಗಿತ್ತು. ಅದುವರೆಗೆ ಅದು ಸ್ಪೇನ್, ಪೋರ್ಚುಗಲ್, ಇಟಲಿಗಳನ್ನು ಬಿಟ್ಟು ಆಚೆಗೆ ಹೋಗಿರಲಿಲ್ಲ. 1966–67ರ ಋತುವಿನಲ್ಲಿ ಸೆಲ್ಟಿಕ್ ಮೊದಲು ಜ್ಯೂರಿಕ್, ಬಳಿಕ ನಾಂಟ್ ತಂಡವನ್ನು ದಾಟಿತು. ಯುಗೋಸ್ಲಾವಿಯದ ವೊಯ್ವೊದಿನ ಮಾತ್ರ ಸುಲಭದ ತುತ್ತಾಗಲಿಲ್ಲ. ಅಲ್ಲಿ ಒಂದು ಗೋಲಿನಿಂದ ಸೋತ ತಂಡ ತನ್ನೂರಿನಲ್ಲಿ ಸಮ ಮಾಡಿಕೊಂಡು, ಕೊನೆಯ ನಿಮಿಷದಲ್ಲಿ ನಾಯಕ ಮೆಕ್‌ನೀಲ್ ತಲೆಯಿಂದ ಹೊಡೆದ ಗೋಲಿನಿಂದ ಬದುಕಿಕೊಂಡಿತು. ಪ್ರಾಗ್ ನಗರದ ದುಕ್ಲಾ ತಂಡವೂ ಸೋತಿತು.

1967ರ ಮೇ 25ರಂದು ಲಿಸ್ಬನ್ನಿನಲ್ಲಿ ಎದುರಾದದ್ದು ಅದಾಗಲೇ ಎರಡು ಸಲ ಕಪ್ ಗೆದ್ದಿದ್ದ ಇಂಟರ್ ಮಿಲಾನ್. ಒಂದು ಗೋಲು ಹೊಡೆದು, ಬಾಗಿಲಿಗೆ ಅಗುಳಿ ಹಾಕಿ ಕೂರುವುದು ಅವರ ಪ್ರಸಿದ್ಧ ವಿದ್ಯೆ. ಏಳನೆಯ ನಿಮಿಷದಲ್ಲಿಯೇ ಪೆನಾಲ್ಟಿಯಿಂದ ಅವರಿಗೆ ಆ ಗೋಲು ದೊರೆಯಿತು. ಸ್ಟೀನನ ಹುಡುಗರು ಮಾತ್ರ ಅಲೆಯ ಮೇಲೆ ಅಲೆಯಾಗಿ ಮುನ್ನುಗ್ಗಿದರು. ಉತ್ತರಾರ್ಧದಲ್ಲಿ ಗೆಮೆಲ್ ಆ ಅಗುಳಿ ಮುರಿದ. ಆಟ ಮುಗಿಯಲು ಐದಾರು ನಿಮಿಷವಿರುವಾಗ ಚಾಮರ್ಸ್ ಗೆಲುವು ತಂದ. ಬ್ರಿಟನ್ನಿನ ತಂಡವೊಂದಕ್ಕೆ ಆ ಕಪ್ ದೊರೆತದ್ದು ಅದೇ ಮೊದಲು. ಗೆದ್ದ ಹನ್ನೊಂದು ಮಂದಿಯೂ ಸೆಲ್ಟಿಕ್ ಮೈದಾನದಿಂದ ಸುಮಾರು 30 ಮೈಲಿಯೊಳಗೆ ಹುಟ್ಟಿದವರು. ಅವರಲ್ಲಿ ಎರಡೂ ಮತದವರಿದ್ದರು. ನೆರೆಹೊರೆಯವರು ಒಟ್ಟಾದರೆ ಎಷ್ಟು ಎತ್ತರಕ್ಕೇರಬಹುದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ನನಗೆ ಬೇಕಿಲ್ಲ. ನಗರದ ದ್ವೇಷ ಅದರಿಂದ ಅಳಿಯಲಿಲ್ಲ. ಆದರೆ ಅದು ವಿಧಿಲಿಖಿತವೆಂದು ಹೇಳುವ ಬಾಯಿ ಕಟ್ಟಿತು.

1970ರಲ್ಲಿ ಅದೇ ಕಪ್ಪಿನ ಅಂತಿಮ ಪಂದ್ಯದಲ್ಲಿ ಸೋಲು, 1975ರಲ್ಲಿ ಮೋಟಾರು ಅಪಘಾತ: ಎರಡನ್ನೂ ಸ್ಟೀನ್ ಸಹಿಸಿದ. 1978ರಿಂದ ಸ್ಕಾಟ್ಲೆಂಡಿನ ತಂಡದ ಹೊಣೆ ಹೊತ್ತ. 1985ರ ಸೆಪ್ಟೆಂಬರ್ 10ರಂದು ಕಾರ್ಡಿಫ್ ನಗರದಲ್ಲಿ ವೇಲ್ಸ್ ವಿರುದ್ಧ ಪಂದ್ಯ ಸಮವಾಗಿ, ವಿಶ್ವಕಪ್ಪಿನ ದಾರಿ ತೆರೆದುಕೊಂಡಿತು. ಆಟ ಮುಗಿಯುವ ಹೊತ್ತಿಗೆ ಸ್ಟೀನ್ ಮೈದಾನದ ಅಂಚಿನಲ್ಲಿ ಕುಸಿದ. ಆ ರಾತ್ರಿ ಕ್ರೀಡಾಂಗಣದ ಒಳಕೋಣೆಯಲ್ಲಿಯೇ, 62ನೆಯ ವಯಸ್ಸಿನಲ್ಲಿ, ಆ ಗಣಿಯಾಳಿನ ಪಾಳಿ ಮುಗಿಯಿತು.