ಮೋದಿ ಡಾಕ್ಟರು ತೆಗೆದದ್ದು ಪೊರೆ, ಮ್ಯಾಕ್ಯುಲಾ ಬೇರೆ

ಯಶವಂತಪುರದಿಂದ ಮಹಾಲಕ್ಷ್ಮೀಪುರದ ಕಡೆ ಹೋದರೆ ಮೋದಿ ಆಸ್ಪತ್ರೆ ಸಿಗುತ್ತದೆ. ಪ್ರಧಾನಿಗೂ ಆ ಹೆಸರಿಗೂ ಸಂಬಂಧವಿಲ್ಲ! ಅದು ಬೀಳಗಿಯಲ್ಲಿ ಹುಟ್ಟಿದ ಕಣ್ಣಿನ ವೈದ್ಯ ಡಾ. ಎಂ.ಸಿ. ಮೋದಿ ಅವರ ಹೆಸರು.

1940ರ ದಶಕದಿಂದ ಅವರು ಊರೂರು ಸುತ್ತಿ ಉಚಿತ ಕಣ್ಣಿನ ಶಿಬಿರ ನಡೆಸಿದರು. ರೋಗಿಗಳನ್ನು ಸಾಲಾಗಿ ಮಲಗಿಸಿ, ಒಂದು ಮೇಜಿನಿಂದ ಇನ್ನೊಂದಕ್ಕೆ ಸರಿಯುತ್ತಾ ಪೊರೆ ತೆಗೆಯುತ್ತಿದ್ದರು. ಒಂದೇ ದಿನ 833 ಆಪರೇಷನ್ ಮಾಡಿದ್ದು ಗಿನ್ನೆಸ್ ಪುಸ್ತಕ ಸೇರಿತು. ಜೀವಮಾನದ ಲೆಕ್ಕ ಸುಮಾರು 6 ಲಕ್ಷ. 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ಬಂತು.

ಆದರೆ ವಯಸ್ಸಾದವರ ಕಣ್ಣು ಮಂಜಾದರೆ ಅದು ಪೊರೆಯೇ, ತೆಗೆಸಿದರೆ ಸರಿಹೋಗುತ್ತದೆ ಎಂಬ ಮಾತು ಪೂರ್ತಿ ನಿಜವಲ್ಲ. ಕಣ್ಣಿನ ಹಿಂಭಾಗದ ಪರದೆ ರೆಟಿನಾ. ಅದರ ನಡುವಿನ ಪುಟ್ಟ ಜಾಗವೇ ಮ್ಯಾಕ್ಯುಲಾ. ಓದುವುದು, ಮುಖ ಗುರುತಿಸುವುದು ಇದರಿಂದಲೇ. ವಯಸ್ಸು ಅಥವಾ ಸಕ್ಕರೆ ಕಾಯಿಲೆಯಿಂದ ಇದು ಕೆಟ್ಟರೆ ನೋಟದ ಅಂಚು ಉಳಿದು ನಡುಭಾಗವೇ ಮಸುಕಾಗುತ್ತದೆ. ಪೊರೆ ತೆಗೆದರೆ ಇದು ವಾಸಿಯಾಗದು, ಮೋದಿಯವರೇ ತೆಗೆದರೂ. ವಯಸ್ಸಿನಿಂದ ರಕ್ತನಾಳ ಸೋರುವ ಬಗೆಗೆ, ಸೋರಿಕೆ ತಡೆಯಲು ಕಣ್ಣೊಳಗೆ ಕೊಡುವ ಇಂಜೆಕ್ಷನ್‌ಗೆ ಅಮೆರಿಕದಲ್ಲಿ ಮೊದಲ ಅನುಮತಿ ಸಿಕ್ಕಿದ್ದು 2004ರ ಡಿಸೆಂಬರ್‌ನಲ್ಲಿ. ಮೋದಿ ತೀರಿಕೊಂಡದ್ದು 2005ರ ನವೆಂಬರ್‌ನಲ್ಲಿ.

ಈಗ ಇಂಥ ಇಂಜೆಕ್ಷನ್ ಬೆಂಗಳೂರಿನಲ್ಲೇ ಸಿಗುತ್ತದೆ, ಸಕ್ಕರೆ ಕಾಯಿಲೆಯ ಊತಕ್ಕೂ ಕೊಡುತ್ತಾರೆ. ಒಂದು ಸಲಕ್ಕೆ ಮುಗಿಯದು, ಮತ್ತೆ ಮತ್ತೆ ಹಾಕಿಸಬೇಕು. ಸೋರಿಕೆಯಿಲ್ಲದ ಒಣ ಬಗೆಗೆ ಇದು ಕೆಲಸ ಮಾಡದು. ವಾಟ್ಸಾಪಿನಲ್ಲಿ ಬರುವ ಜೇನು, ಈರುಳ್ಳಿ ರಸದ ಡ್ರಾಪ್ಸ್ ಯಾವುದಕ್ಕೂ ಆಗದು. ಒಂದು ಕಣ್ಣು ಮುಚ್ಚಿ ಕಿಟಕಿಯ ಸರಳು ನೋಡಿ, ಆಮೇಲೆ ಇನ್ನೊಂದು. ಸೊಟ್ಟಗೆ ಕಂಡರೆ, ಪೊರೆ ಬಲಿಯಲಿ ಎಂದು ಕಾಯದೆ ಅದೇ ವಾರ ರೆಟಿನಾ ಡಾಕ್ಟರ ಬಳಿ ಹೋಗಿ.