ಹಾರ್ಡ್ ಡಿಸ್ಕಿನ ಹಿಂದಿದ್ದ ಶಾಲಾ ಮೇಷ್ಟ್ರು: ರೇನಾಲ್ಡ್ ಜಾನ್ಸನ್

ಮನೆಗೊಂದು ಕಂಪ್ಯೂಟರ್ ಕೊಳ್ಳಲು ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದವರು ಎದುರಿಸುವ ಪ್ರಶ್ನೆಗಳಲ್ಲಿ ಹಾರ್ಡ್ ಡಿಸ್ಕ್ ಬೇಕೋ, ಎಸ್‌ಎಸ್‌ಡಿ ಬೇಕೋ ಎಂಬುದೂ ಒಂದು. ಕೊಡುವ ಹಣ ಒಂದೇ ಆದರೂ ಒಂದರಲ್ಲಿ ಜಾಗ ಹೆಚ್ಚು, ಇನ್ನೊಂದರಲ್ಲಿ ವೇಗ ಹೆಚ್ಚು. ಇದರಲ್ಲಿ ಯಾವುದು ಮೇಲೆಂದು ತಿಳಿಯದೆ ಅಂಗಡಿಯವರು ಹೇಳಿದ್ದನ್ನೇ ಒಪ್ಪಿ ಮನೆಗೆ ಬರುವವರೇ ಬಹಳ. ಈ ಗೊಂದಲವನ್ನು ಬಿಡಿಸಿಕೊಳ್ಳಲು, 1998ರಲ್ಲಿ ತಮ್ಮ 92ನೆಯ ವಯಸ್ಸಿನಲ್ಲಿ ತೀರಿಕೊಂಡ ಅಮೆರಿಕದ ತಂತ್ರಜ್ಞ ರೇನಾಲ್ಡ್ ಜಾನ್ಸನ್ ಅವರ ಬದುಕನ್ನು ಒಮ್ಮೆ ನೋಡುವುದು ಉಪಯುಕ್ತ. ಹಾರ್ಡ್ ಡಿಸ್ಕಿನ ಜನಕರೆಂದು ಹೆಸರಾದ ಅವರು ಎಪ್ಪತ್ತು ವರ್ಷಗಳ ಹಿಂದೆ ಕೈಗೆತ್ತಿಕೊಂಡ ಸಮಸ್ಯೆಯೇ ಇಂದಿನ ಆಯ್ಕೆಯನ್ನೂ ನಿರ್ಧರಿಸುತ್ತಿದೆ.

ಜಾನ್ಸನ್ ಹುಟ್ಟಿದ್ದು 1906ರ ಜುಲೈ 16ರಂದು, ಮಿನ್ನೆಸೋಟ ರಾಜ್ಯದಲ್ಲಿ ನೆಲೆಸಿದ್ದ ಸ್ವೀಡಿಷ್ ಮೂಲದ ಕುಟುಂಬವೊಂದರಲ್ಲಿ. 1929ರಲ್ಲಿ ಮಿನ್ನೆಸೋಟ ವಿಶ್ವವಿದ್ಯಾಲಯದಿಂದ ಪದವಿ ಪಡೆದರು. ಪಡೆದದ್ದು ಎಂಜಿನಿಯರಿಂಗ್ ಪದವಿಯಲ್ಲ, ಶಿಕ್ಷಣ ಆಡಳಿತದ ಪದವಿ. ಬಳಿಕ ಮಿಚಿಗನ್ ರಾಜ್ಯದ ಐರನ್‌ವುಡ್ ಎಂಬ ಊರಿನ ಪ್ರೌಢಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರಾದರು.

ರಾಶಿ ರಾಶಿ ಉತ್ತರಪತ್ರಿಕೆ ತಿದ್ದುವ ಕಷ್ಟ ಮೇಷ್ಟ್ರ ಮನೆಯವರಿಗೆಲ್ಲ ಗೊತ್ತು. ಜಾನ್ಸನ್ ಈ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಲು ಹೊರಟರು. ಪೆನ್ಸಿಲಿನ ಸೀಸವು ವಾಸ್ತವದಲ್ಲಿ ಗ್ರಾಫೈಟ್. ಅದರ ಮೂಲಕ ವಿದ್ಯುತ್ ಹರಿಯುತ್ತದೆ. ಹುಡುಗಾಟದ ದಿನಗಳಲ್ಲಿ ಕಾರುಗಳ ಸ್ಪಾರ್ಕ್ ಪ್ಲಗ್ ಮೇಲೆ ಪೆನ್ಸಿಲ್ ಗೆರೆ ಎಳೆದು, ಎಂಜಿನ್ ಹೊತ್ತಿಕೊಳ್ಳದಂತೆ ಮಾಡಿ ಅವರು ಕೀಟಲೆ ಮಾಡುತ್ತಿದ್ದರೆಂಬ ಕಥೆಯೂ ಇದೆ. ಸರಿಯುತ್ತರದ ಜಾಗದಲ್ಲಿ ವಿದ್ಯಾರ್ಥಿ ಎಳೆದ ಗೆರೆಗಳ ಮೂಲಕ ಹರಿಯುವ ಒಟ್ಟು ವಿದ್ಯುತ್ತನ್ನು ಅಳೆದರೆ ಅಂಕ ತಾನಾಗಿ ಸಿಗುತ್ತದೆ ಎಂಬುದು ಅವರ ಯೋಚನೆ. ಐಬಿಎಂ ಕಂಪನಿ ಆ ಯಂತ್ರದ ಹಕ್ಕನ್ನು ಕೊಂಡುಕೊಂಡಿತು. ಮೇಷ್ಟ್ರನ್ನೇ 1934ರಲ್ಲಿ ಎಂಜಿನಿಯರ್ ಆಗಿ ನೇಮಿಸಿಕೊಂಡಿತು. ಐಬಿಎಂ 805 ಎಂಬ ಹೆಸರಿನ ಆ ಯಂತ್ರ 1937ರಲ್ಲಿ ಮಾರುಕಟ್ಟೆಗೆ ಬಂತು. ಬಹು ಆಯ್ಕೆಯ ಪರೀಕ್ಷೆ ಬರೆದು ಗುಂಡು ತುಂಬಿಸುವ ಇಂದಿನ ನಮ್ಮ ಮಕ್ಕಳಿಗೆ ಇದೊಂದು ದೂರದ ನೆಂಟಸ್ತಿಕೆ.

ಹದಿನೆಂಟು ವರ್ಷ ಪೂರ್ವ ಕರಾವಳಿಯಲ್ಲಿ ದುಡಿದ ಮೇಲೆ, 1952ರಲ್ಲಿ ಕಂಪನಿ ಅವರನ್ನು ಕ್ಯಾಲಿಫೋರ್ನಿಯದ ಸ್ಯಾನ್ ಹೋಸೆ ನಗರಕ್ಕೆ ಕಳುಹಿಸಿತು. ಅಲ್ಲಿ ಹೊಸ ಪ್ರಯೋಗಾಲಯ ಕಟ್ಟಬೇಕಿತ್ತು. ಆಗ ಅವರಿಗೆ 45 ವರ್ಷ. ಇಂದು ಸಿಲಿಕಾನ್ ಕಣಿವೆ ಎನಿಸಿರುವ ಆ ಪ್ರದೇಶ ಆಗಿನ್ನೂ ಹಣ್ಣಿನ ತೋಟಗಳ ನಾಡು. ನಾಟರ್ ಡೇಮ್ ಅವೆನ್ಯೂವಿನ 99ನೆಯ ನಂಬರಿನ ಕಟ್ಟಡದಲ್ಲಿ ಪ್ರಯೋಗಾಲಯ ಆರಂಭವಾಯಿತು. ಪ್ರತಿಯೊಬ್ಬ ಎಂಜಿನಿಯರನಿಗೂ ಉಳಿದವರ ಕೆಲಸದ ಪರಿಚಯವಿರಬೇಕು, ಸಹೋದ್ಯೋಗಿ ಸಹಾಯ ಕೇಳಿದರೆ ತನ್ನ ಕೆಲಸ ಬದಿಗಿಟ್ಟು ಮೊದಲು ಅದನ್ನು ಮಾಡಬೇಕು ಎಂಬುದು ಜಾನ್ಸನ್ ಹಾಕಿಕೊಟ್ಟ ನಿಯಮವಾಗಿತ್ತು.

ಅಂದಿನ ಕಚೇರಿಗಳಲ್ಲಿ ಲೆಕ್ಕಪತ್ರವೆಲ್ಲ ತೂತು ಹಾಕಿದ ರಟ್ಟಿನ ಕಾರ್ಡುಗಳಲ್ಲಿ ಇರುತ್ತಿತ್ತು. ಸಗಟು ವ್ಯಾಪಾರಿಗಳ ಕಚೇರಿಯಲ್ಲಿ ಗುಮಾಸ್ತರು ತೆರೆದ ತೊಟ್ಟಿಗಳಲ್ಲಿ ಜೋಡಿಸಿದ್ದ ಸಾವಿರಾರು ಕಾರ್ಡುಗಳ ನಡುವೆ ಕೈಯಾಡಿಸಿ, ಬೇಕಾದ ಒಂದನ್ನು ಹೆಕ್ಕಿ, ಕೆಲಸ ಮುಗಿದ ಮೇಲೆ ಮತ್ತೆ ಅದೇ ಜಾಗಕ್ಕೆ ಸೇರಿಸುತ್ತಿದ್ದರು. ಕಾಂತೀಯ ಟೇಪು ಬಂದಿದ್ದರೂ ಅದರ ತೊಂದರೆ ಬೇರೆ. ಕ್ಯಾಸೆಟ್ಟಿನ ಕೊನೆಯ ಹಾಡು ಕೇಳಬೇಕಾದರೆ ಹಿಂದಿನದನ್ನೆಲ್ಲ ಸುತ್ತಿಕೊಂಡು ಹೋಗಬೇಕಾದ ಪಾಡು ನಮ್ಮಲ್ಲಿ ಅನೇಕರಿಗೆ ನೆನಪಿರಬಹುದು. ಗ್ರಾಮಫೋನ್ ತಟ್ಟೆಯಾದರೆ ಮುಳ್ಳನ್ನು ಎತ್ತಿ ಬೇಕಾದ ಹಾಡಿನ ಮೇಲೆಯೇ ಇಡಬಹುದು. ಯಾವ ದಾಖಲೆಯನ್ನಾದರೂ, ಅದಕ್ಕೂ ಮೊದಲಿನದನ್ನು ದಾಟದೆ, ನೇರವಾಗಿ ತಲುಪುವುದು ಹೇಗೆ ಎಂಬುದೇ ಜಾನ್ಸನ್ ತಂಡದ ಮುಂದಿದ್ದ ಪ್ರಶ್ನೆ. ಅಮೆರಿಕದ ವಾಯುಪಡೆಗೂ ತನ್ನ ಉಗ್ರಾಣಗಳ ಸಾಮಾನಿನ ಲೆಕ್ಕಕ್ಕೆ ಇಂಥದೇ ವ್ಯವಸ್ಥೆ ಬೇಕಿತ್ತು.

ಉರುಳೆ, ತಂತಿ, ಸರಳು, ಟೇಪು ಎಂದು ಹಲವು ದಾರಿಗಳನ್ನು ತೂಗಿ ನೋಡಿದ ಬಳಿಕ ಜಾನ್ಸನ್ ತಟ್ಟೆಗಳ ಕಡೆಗೆ ಒಲಿದರು. ತಟ್ಟೆಗೆ ಎರಡು ಮುಖ; ಒಂದರ ಮೇಲೊಂದು ಪೇರಿಸಿದರೆ ಸ್ವಲ್ಪ ಜಾಗದಲ್ಲಿ ಬಹಳ ಮಾಹಿತಿ ಹಿಡಿಯುತ್ತದೆ. ಆದರೆ ದೊಡ್ಡ ಲೋಹದ ತಟ್ಟೆ ವೇಗವಾಗಿ ತಿರುಗುವಾಗ ಅಲುಗದಿರುತ್ತದೆಯೇ? ಓದುವ ತಲೆ ಅದಕ್ಕೆ ತಾಗಿದರೆ ಲೇಪ ಕೆರೆದುಹೋಗುವುದಿಲ್ಲವೇ? ಒಡನಾಡಿಗಳಲ್ಲೇ ಕೆಲವರು ಇದನ್ನು ಮಾಂಸ ಹೋಳುಮಾಡುವ ಯಂತ್ರವೆಂದು ಗೇಲಿ ಮಾಡಿದರು. ತಲೆಗೆ ಸಂಕುಚಿತ ಗಾಳಿ ಹಾಯಿಸಿ, ತಟ್ಟೆಗೂ ಅದಕ್ಕೂ ನಡುವೆ ಕೂದಲೆಳೆಯಷ್ಟು ಅಂತರವಿರುವಂತೆ ತೇಲಿಸಿದ್ದು ವಿಲಿಯಂ ಗಾಡರ್ಡ್ ಮತ್ತು ಜಾನ್ ಲೈನಾಟ್. ಕಬ್ಬಿಣದ ಆಕ್ಸೈಡಿನ ಬಣ್ಣವನ್ನು ಹೆಂಗಸರ ಕಾಲುಚೀಲದ ತೆಳುಬಟ್ಟೆಯಲ್ಲಿ ಸೋಸಿ, ಕಾಗದದ ಲೋಟದಿಂದ ತಿರುಗುವ ತಟ್ಟೆಯ ನಡುಭಾಗಕ್ಕೆ ಸುರಿದರು. ಬಣ್ಣ ತಾನಾಗಿ ಅಂಚಿನವರೆಗೆ ಸಮನಾಗಿ ಹರಡಿಕೊಂಡಿತು. ಎಂಜಿನಿಯರಿಂಗ್ ಹೊಣೆ ಹೊತ್ತವರು ಲೂಯಿಸ್ ಸ್ಟೀವನ್ಸ್. ಹೀಗಿರುವಾಗ ಜಾನ್ಸನ್ ಒಬ್ಬರನ್ನೇ ಜನಕರೆಂದು ಕರೆಯುವುದು ಪೂರ್ತಿ ನ್ಯಾಯವಲ್ಲ. ದಾರಿ ಆರಿಸಿ, ಅನುಮಾನಗಳ ನಡುವೆ ಅದನ್ನು ಬಿಡದೆ ಕಾಪಾಡಿದ್ದು ಅವರ ಪಾಲು. ಕಾರ್ಡುಗಳ ವ್ಯಾಪಾರದಿಂದಲೇ ಬೆಳೆದ ಕಂಪನಿಯೊಳಗೆ ಕಾರ್ಡುಗಳನ್ನೇ ಮೂಲೆಗೆ ತಳ್ಳುವ ಯಂತ್ರವನ್ನು ಕಾಪಾಡುವುದು ಸುಲಭದ ಮಾತಾಗಿರಲಿಲ್ಲ.

1954ರ ಫೆಬ್ರುವರಿಯಲ್ಲಿ ಕಾರ್ಡಿನ ಮಾಹಿತಿ ಮೊದಲ ಬಾರಿ ಡಿಸ್ಕಿಗೆ ಇಳಿಯಿತು. 1956ರ ಸೆಪ್ಟೆಂಬರಿನಲ್ಲಿ ಐಬಿಎಂ 305 ರಾಮ್ಯಾಕ್ ಕಂಪ್ಯೂಟರ್ ಪ್ರಕಟವಾಯಿತು. ಅದರ ಡಿಸ್ಕ್ ಘಟಕದಲ್ಲಿ 24 ಇಂಚು ವ್ಯಾಸದ 50 ತಟ್ಟೆಗಳು ನಿಮಿಷಕ್ಕೆ 1,200 ಬಾರಿ ಸುತ್ತುತ್ತಿದ್ದವು. ಒಂದೇ ತೋಳು ಮೇಲಕ್ಕೂ ಕೆಳಕ್ಕೂ ಏರಿಳಿದು ಬೇಕಾದ ತಟ್ಟೆಯನ್ನು ತಲುಪುತ್ತಿತ್ತು. ತೂಕ ಒಂದು ಟನ್ನಿಗೂ ಹೆಚ್ಚು. ಹಿಡಿಯುತ್ತಿದ್ದ ಮಾಹಿತಿ 50 ಲಕ್ಷ ಅಕ್ಷರ, ಅಂದರೆ ಸುಮಾರು 3.75 ಎಂಬಿ, ಈಗಿನ ಮೊಬೈಲಿನ ಒಂದು ಫೋಟೊದಷ್ಟು! ಇಡೀ ವ್ಯವಸ್ಥೆಯ ಬಾಡಿಗೆ ತಿಂಗಳಿಗೆ 3,200 ಡಾಲರ್. ಆದರೂ ಸಾವಿರಕ್ಕೂ ಹೆಚ್ಚು ಯಂತ್ರಗಳು ತಯಾರಾದವು. 1959ರಲ್ಲಿ ಸೋವಿಯತ್ ನಾಯಕ ಕ್ರುಶ್ಚೇವ್ ಸ್ಯಾನ್ ಹೋಸೆಯ ಘಟಕಕ್ಕೆ ಭೇಟಿ ಕೊಟ್ಟಾಗ ಅವರನ್ನು ಹೆಚ್ಚು ಸೆಳೆದದ್ದು ಮಾತ್ರ ಅಲ್ಲಿನ ಕ್ಯಾಂಟೀನು.

ಅದೇ ಸ್ಯಾನ್ ಹೋಸೆ ಘಟಕದಲ್ಲಿ ರಾಮ್ಯಾಕ್ ಕೆಲಸ ಮಾಡಿದ್ದ ಅಲನ್ ಶುಗಾರ್ಟ್ ಮುಂದೆ ಸೀಗೇಟ್ ಕಂಪನಿ ಕಟ್ಟಿದರು. 1980ರಲ್ಲಿ ಆ ಕಂಪನಿ ಮೇಜಿನ ಮೇಲಿನ ಕಂಪ್ಯೂಟರಿನಲ್ಲಿ ಕೂರುವ 5 ಎಂಬಿ ಡಿಸ್ಕ್ ತಂದಿತು. ಮನೆಗಳಿಗೆ ಹಾರ್ಡ್ ಡಿಸ್ಕ್ ಬಂದ ದಾರಿ ಅದು. ಜಾನ್ಸನ್ 1971ರಲ್ಲಿ ನಿವೃತ್ತರಾದರೂ ಮೇಷ್ಟ್ರ ಗುಣ ಬಿಡಲಿಲ್ಲ. ಪುಟಾಣಿ ಧ್ವನಿಮುದ್ರಿಕೆಯ ತಂತ್ರವೊಂದನ್ನು ಅವರು ರೂಪಿಸಿದರು. ಮಕ್ಕಳೊಡನೆ ಮಾತನಾಡುವ ಪುಸ್ತಕಗಳಲ್ಲಿ ಫಿಷರ್-ಪ್ರೈಸ್ ಕಂಪನಿ ಅದನ್ನು ಬಳಸಿತು. ತೊಂಬತ್ತಕ್ಕೂ ಹೆಚ್ಚು ಪೇಟೆಂಟ್‌ಗಳು ಅವರ ಹೆಸರಿನಲ್ಲಿವೆ. 1986ರಲ್ಲಿ ಅಮೆರಿಕದ ರಾಷ್ಟ್ರೀಯ ತಂತ್ರಜ್ಞಾನ ಪದಕ ಸಂದಿತು. 1998ರ ಸೆಪ್ಟೆಂಬರ್ 15ರಂದು ಪಾಲೊ ಆಲ್ಟೊದಲ್ಲಿ ಅವರು ನಿಧನರಾದರು.

ಅವರು ಕಣ್ಣು ಮುಚ್ಚುವ ಹೊತ್ತಿಗೆ ಎದುರಾಳಿ ತಂತ್ರ ಹುಟ್ಟಿಯಾಗಿತ್ತು. ತೋಷಿಬಾ ಕಂಪನಿಯ ಫುಜಿಯೊ ಮಸುಓಕ 1980ರ ದಶಕದಲ್ಲಿ ರೂಪಿಸಿದ ಫ್ಲ್ಯಾಶ್ ಸ್ಮೃತಿಯೇ ಎಸ್‌ಎಸ್‌ಡಿಯ ಒಡಲು. ಅದರಲ್ಲಿ ತಟ್ಟೆಯಿಲ್ಲ, ತೋಳಿಲ್ಲ. ಚಿಪ್ಪಿನೊಳಗಿನ ಸೂಕ್ಷ್ಮ ಕೋಶಗಳಲ್ಲಿ ವಿದ್ಯುದಂಶ ಬಂಧಿಯಾಗಿರುತ್ತದೆ. ಮನೆಬಳಕೆಯ ಲ್ಯಾಪ್‌ಟಾಪ್‌ಗಳಿಗೆ ಅದು ಬರತೊಡಗಿದ್ದು 2007-08ರ ಸುಮಾರಿಗೆ.

ಕೊಳ್ಳುವವರು ಗಮನಿಸಬೇಕಾದ ಲೆಕ್ಕ ಇಲ್ಲಿದೆ. ರಾಮ್ಯಾಕ್‌ನ 3.75 ಎಂಬಿಗೆ ಹೋಲಿಸಿದರೆ 20 ಟಿಬಿಯ ಇಂದಿನ ಡಿಸ್ಕು ಐವತ್ತು ಲಕ್ಷ ಪಟ್ಟಿಗೂ ಹೆಚ್ಚು ಹಿಡಿಯುತ್ತದೆ. ಆದರೆ ರಾಮ್ಯಾಕ್‌ನ ತೋಳು ಒಂದು ದಾಖಲೆಯನ್ನು ತಲುಪಲು ಸರಾಸರಿ 0.6 ಸೆಕೆಂಡ್ ತೆಗೆದುಕೊಳ್ಳುತ್ತಿದ್ದರೆ, ಇಂದಿನ ಮನೆಯ ಹಾರ್ಡ್ ಡಿಸ್ಕು ಸೆಕೆಂಡಿನ ನೂರರಲ್ಲೊಂದು ಭಾಗ ತೆಗೆದುಕೊಳ್ಳುತ್ತದೆ. ಅರ್ಥಾತ್ ಸುಮಾರು ಅರವತ್ತು ಪಟ್ಟು ಚುರುಕು, ಅಷ್ಟೆ. ತೋಳು ಎಷ್ಟಾದರೂ ಸರಿಯಲೇಬೇಕು, ತಟ್ಟೆ ಸುತ್ತಿ ಬರಲೇಬೇಕು. ಎಸ್‌ಎಸ್‌ಡಿ ಇದೇ ಕೆಲಸವನ್ನು ಸೆಕೆಂಡಿನ ಹತ್ತು ಸಾವಿರದಲ್ಲೊಂದು ಭಾಗದಲ್ಲಿ ಮುಗಿಸುತ್ತದೆ. ಕಂಪ್ಯೂಟರ್ ಚಾಲೂ ಆಗುವಾಗ ಅಲ್ಲೊಂದು ಇಲ್ಲೊಂದು ಇರುವ ಸಾವಿರಾರು ಚಿಕ್ಕ ಕಡತಗಳನ್ನು ಹುಡುಕಬೇಕಾಗುತ್ತದೆ. ಆಗ ಈ ಅಂತರ ಕಣ್ಣಿಗೆ ಹೊಡೆಯುತ್ತದೆ. ಈ ವರದಿಗಾರನ ಮನೆಯ ಹಳೆಯ ಗಣಕ ತೆರೆದುಕೊಳ್ಳುವಷ್ಟರಲ್ಲಿ ಕಾಫಿ ಕುಡಿದು ಮುಗಿಯುತ್ತಿತ್ತು. ಬೇರೇನನ್ನೂ ಬದಲಿಸದೆ ಎಸ್‌ಎಸ್‌ಡಿ ಹಾಕಿಸಿದ ಮೇಲೆ ಕಾಫಿ ಬಿಸಿಯಿರುವಾಗಲೇ ಕೆಲಸ ಶುರುವಾಗುತ್ತದೆ.

ಆದ್ದರಿಂದ ಆಪರೇಟಿಂಗ್ ಸಿಸ್ಟಂ ಹಾಗೂ ದಿನಬಳಕೆಯ ತಂತ್ರಾಂಶಗಳಿಗೆ ಎಸ್‌ಎಸ್‌ಡಿಯೇ ಸರಿ. ಸಾಧಾರಣ ಬಳಕೆಗೆ 512 ಜಿಬಿ ಧಾರಾಳ. 256 ಜಿಬಿಯಲ್ಲೂ ಹೊಂದಿಸಿಕೊಳ್ಳಬಹುದು. ಲ್ಯಾಪ್‌ಟಾಪ್ ಆದರೆ ಎರಡನೆಯ ಯೋಚನೆ ಬೇಡ. ಕೈಜಾರಿ ಬಿದ್ದಾಗ ತಟ್ಟೆಗೆ ತಲೆ ಬಡಿಯುವ ಭಯ ಅಲ್ಲಿಲ್ಲ. ಹಳೆಯ ಕಂಪ್ಯೂಟರಿಗೆ ಸಾಟಾ ಬಗೆಯ ಎರಡೂವರೆ ಇಂಚಿನದು ಸಾಮಾನ್ಯವಾಗಿ ಹೊಂದುತ್ತದೆ. ಚಪ್ಪಟೆ ಪಟ್ಟಿಯಂತಿರುವ ಎಂ.2 ಬಗೆಯದನ್ನು ಕೊಳ್ಳುವ ಮುನ್ನ ಮದರ್‌ಬೋರ್ಡ್ ಎನ್‌ವಿಎಂಇ ಒಪ್ಪುತ್ತದೆಯೇ ಎಂದು ವಿಚಾರಿಸಿ. ಬರೆದು ಅಳಿಸುವುದರಿಂದ ಎಸ್‌ಎಸ್‌ಡಿ ಸವೆಯುವುದು ನಿಜ. ಆದರೆ 1 ಟಿಬಿಯ ಒಳ್ಳೆಯ ಎಸ್‌ಎಸ್‌ಡಿಗೆ ನೂರಾರು ಟಿಬಿ ಬರೆಯುವವರೆಗೆ ತಯಾರಕರೇ ಖಾತರಿ ಕೊಡುತ್ತಾರೆ. ಮನೆಯ ಬಳಕೆಯಲ್ಲಿ ಅಷ್ಟು ಬರೆಯಲು ಹಲವು ವರ್ಷಗಳೇ ಬೇಕು.

ಜಾನ್ಸನ್ ಅವರ ತಟ್ಟೆಗಳಿಗೆ ಇನ್ನೂ ಕೆಲಸ ಉಳಿದಿದೆ. ಮದುವೆಯ ವಿಡಿಯೊ, ಮಕ್ಕಳ ಫೋಟೊ, ಸಿಸಿಟಿವಿ ದೃಶ್ಯಗಳಂಥ ದೊಡ್ಡ ರಾಶಿಯನ್ನು ತುಂಬಿಡಲು ಪ್ರತಿ ಟಿಬಿಗೆ ಹಾರ್ಡ್ ಡಿಸ್ಕಿನ ಬೆಲೆ ಇಂದಿಗೂ ಕಡಿಮೆ. ಇಂಥ ಕಡತಗಳನ್ನು ಒಂದರ ಹಿಂದೊಂದರಂತೆ ಓದುವುದರಿಂದ ತೋಳಿನ ನಿಧಾನ ಅಡ್ಡಿಯಾಗದು. ವರ್ಷಗಟ್ಟಲೆ ವಿದ್ಯುತ್ ಕೊಡದೆ ಕಪಾಟಿನಲ್ಲಿಟ್ಟ ಎಸ್‌ಎಸ್‌ಡಿಯಿಂದ ವಿದ್ಯುದಂಶ ಸೋರಿ ಮಾಹಿತಿ ಕೆಡಬಹುದು. ಕಾಪಿ ಮಾಡಿ ತೆಗೆದಿಡಲು ಹಾರ್ಡ್ ಡಿಸ್ಕೇ ಲೇಸು. ಕೆಡುವ ಮುನ್ನ ಅದು ಕೆಲವೊಮ್ಮೆ ಟಕಟಕ ಸದ್ದು ಮಾಡಿ ಎಚ್ಚರಿಸುತ್ತದೆ. ಎಸ್‌ಎಸ್‌ಡಿ ಹಾಗಲ್ಲ, ಸದ್ದಿಲ್ಲದೆ ಒಂದು ದಿನ ನಿಂತುಬಿಡಬಹುದು. ಅಳಿಸಿಹೋದದ್ದನ್ನು ಅದರಿಂದ ಮರಳಿ ಪಡೆಯುವುದಂತೂ ಬಲು ಕಷ್ಟ. ಯಾವುದನ್ನೇ ಕೊಳ್ಳಿ, ಮನೆಯವರ ಫೋಟೊಗಳು ಎರಡು ಬೇರೆ ಡ್ರೈವ್‌ಗಳಲ್ಲಿರಲಿ, ಅವುಗಳಲ್ಲೊಂದು ಕಂಪ್ಯೂಟರಿನಿಂದ ಕಳಚಿಟ್ಟದ್ದಾಗಿರಲಿ.

ಐಬಿಎಂ ತನ್ನ ಡಿಸ್ಕ್ ವ್ಯವಹಾರವನ್ನು ಹಿಟಾಚಿಗೆ ಮಾರಲು 2002ರಲ್ಲಿ ಒಪ್ಪಂದ ಮಾಡಿಕೊಂಡಿತು. 2012ರಲ್ಲಿ ಅದು ವೆಸ್ಟರ್ನ್ ಡಿಜಿಟಲ್ ಪಾಲಾಯಿತು. ಈಗ ಹಾರ್ಡ್ ಡಿಸ್ಕ್ ತಯಾರಿಸುವ ದೊಡ್ಡ ಕಂಪನಿಗಳು ಮೂರೇ. ದುರಸ್ತಿಗೊಂಡ ರಾಮ್ಯಾಕ್ ಡಿಸ್ಕ್ ಘಟಕವೊಂದು ಕ್ಯಾಲಿಫೋರ್ನಿಯದ ಮೌಂಟನ್ ವ್ಯೂನಲ್ಲಿರುವ ಕಂಪ್ಯೂಟರ್ ಇತಿಹಾಸ ಸಂಗ್ರಹಾಲಯದಲ್ಲಿದೆ. ಅದರ ತೋಳು ತಟ್ಟೆಗಳ ನಡುವೆ ಏರಿಳಿಯುವುದನ್ನು ಅಲ್ಲಿ ನೋಡುಗರಿಗೆ ನಡೆಸಿ ತೋರಿಸಲಾಗಿದೆ.