ಮಂತ್ರವಾದಿ ಯಾಕೆ ಓಡಲ್ಲ? ಬಿ. ವಿಠಲಾಚಾರ್ಯರ ಕಥೆ

ಹೋದ ಸೆಮಿಸ್ಟರ್ ಇಂಟರ್ನಲ್ಸ್ ಮುಗಿದ ರಾತ್ರಿ ನಮ್ಮ ಹಾಸ್ಟೆಲ್ ರೂಮಲ್ಲಿ ಯಾರಿಗೂ ನಿದ್ದೆ ಬರ್ಲಿಲ್ಲ. ಮಾತು ಎಲ್ಲೆಲ್ಲೋ ಹೋಗಿ ಕೊನೆಗೆ ಹ್ಯಾರಿ ಪಾಟರ್‌ಗೆ ಬಂತು. ಆ ಲೋಕದಲ್ಲಿ ಮಂತ್ರದಿಂದ ಊಟವನ್ನ ಶೂನ್ಯದಿಂದ ಸೃಷ್ಟಿ ಮಾಡೋಕೆ ಆಗಲ್ಲ, ಆದ್ರೆ ಇರೋ ಊಟವನ್ನ ಜಾಸ್ತಿ ಮಾಡಬಹುದು. ಹಾಗಾದ್ರೆ ಜಾಸ್ತಿ ಆದ ಭಾಗಕ್ಕೆ ಎನರ್ಜಿ ಎಲ್ಲಿಂದ ಬಂತು? ಥರ್ಮೋಡೈನಮಿಕ್ಸ್‌ನಲ್ಲಿ ಜಸ್ಟ್ ಪಾಸಾಗುವ ನಾವು ನಾಲ್ಕು ಜನ ಇದರ ಮೇಲೆ ಒಂದು ಗಂಟೆ ಕಿತ್ತಾಡಿದ್ವಿ. ಇನ್ನೊಬ್ಬ ಬ್ರ್ಯಾಂಡನ್ ಸ್ಯಾಂಡರ್ಸನ್ ಭಕ್ತ. ಅವರ ಮಿಸ್ಟ್‌ಬಾರ್ನ್ ಲೋಕದಲ್ಲಿ ಲೋಹದ ಪುಡಿ ನುಂಗಿ ಅದನ್ನ ಹೊಟ್ಟೆಯೊಳಗೆ ಉರಿಸಿದ್ರೆ ಮಾತ್ರ ಶಕ್ತಿ, ಅಟ್ಲೀಸ್ಟ್ ಅಲ್ಲಿ ಇಂಧನ ಅಂತ ಒಂದಿದೆ ಅನ್ನೋದು ಅವನ ವಾದ.

ಆಗ ಅನಂತಪುರದ ಕಡೆಯಿಂದ ಬಂದಿರೋ ನನ್ನ ರೂಮ್‌ಮೇಟ್ ಮೊಬೈಲ್ ತೆಗೆದು ಒಂದು ಕ್ಲಿಪ್ ತೋರಿಸಿದ. ಒಂದು ಮೋಹಿನಿ ದೆವ್ವ ಒಲೆ ಮುಂದೆ ಕೂತಿದೆ. ಸೌದೆ ಇಲ್ಲ. ತನ್ನ ಕಾಲನ್ನೇ ಒಲೆಯೊಳಗೆ ಇಟ್ಟುಕೊಂಡು ಆರಾಮಾಗಿ ಅಡುಗೆ ಮಾಡ್ತಿದೆ. ಇದಕ್ಕೆ ಥಿಯರಿ ಹೇಳಿ ನೋಡೋಣ ಅಂದ. ನಾವು ಬಿದ್ದು ಬಿದ್ದು ನಕ್ವಿ. ಸಿನಿಮಾ 1978ರ ತೆಲುಗಿನ 'ಜಗನ್ಮೋಹಿನಿ', ದೆವ್ವದ ಪಾತ್ರ ಜಯಮಾಲಿನಿ ಅವರದು, ನಿರ್ದೇಶಕರು ಬಿ. ವಿಠಲಾಚಾರ್ಯ. ತೆಲುಗಿನವರಿಗೆ ಅವರು 'ಜಾನಪದ ಬ್ರಹ್ಮ'. ನಮ್ಮ ಕಡೆ ಇಂಥವರು ಯಾರೂ ಇಲ್ಲ ಬಿಡು ಅಂತ ರೂಮ್‌ಮೇಟ್ ಕಾಲೆಳೆದ. ನಾನೂ ಹೌದು ಅಂತ ಒಪ್ಪಿಕೊಂಡೆ, ಅದೇ ತಪ್ಪಾಗಿದ್ದು.

ಆ ಭಾನುವಾರ ಕೆಂಗೇರಿಯಿಂದ ಮೆಟ್ರೋ ಹತ್ತಿ ವಿಜಯನಗರದಲ್ಲಿ ಇಳಿದು ಬಸವೇಶ್ವರನಗರದ ಅಜ್ಜಿ ಮನೆಗೆ ಹೋದಾಗ ಈ ಕಥೆ ಹೇಳಿದೆ. ಅಜ್ಜಿ ಅರಸೀಕೆರೆ ಹತ್ತಿರದ ಹಳ್ಳಿಯವರು. ಹೆಸರು ಕೇಳಿದ ತಕ್ಷಣ, ಅವರು ಉಡುಪಿ ಕಡೆಯವರಲ್ವೇನೋ, ನಮ್ಮ ಅರಸೀಕೆರೆಯಲ್ಲೇ ಹೋಟೆಲ್ ಇಟ್ಟಿದ್ದವರು ಅಂದುಬಿಟ್ರು. ಹತ್ತನೇ ಕ್ಲಾಸ್‌ವರೆಗೆ ಇಂಗ್ಲಿಷ್ ಮೀಡಿಯಂ ಓದಿ, ಕನ್ನಡ ಸಿನಿಮಾ ಅಂದ್ರೆ ಕೆಜಿಎಫ್‌ನಿಂದ ಶುರು ಅಂದುಕೊಂಡಿದ್ದ ನನಗೆ ಸ್ವಲ್ಪ ನಾಚಿಕೆ ಆಯ್ತು. ಹುಡುಕೋಕೆ ಶುರು ಮಾಡಿದೆ.

ವಿಠಲಾಚಾರ್ಯರು ಹುಟ್ಟಿದ್ದು 1920ರಲ್ಲಿ, ಉಡುಪಿ ಪಕ್ಕದ ಉದ್ಯಾವರದಲ್ಲಿ. ತಂದೆ ಆಯುರ್ವೇದ ವೈದ್ಯರು. ಹುಡುಗನಿಗೆ ಶಾಲೆಗಿಂತ ಯಕ್ಷಗಾನ, ಬಯಲಾಟದ ಮೇಲೆ ಕಣ್ಣು. ಓದಿದ್ದು ಮೂರನೇ ಕ್ಲಾಸ್‌ವರೆಗೆ. ಒಂಬತ್ತನೇ ವಯಸ್ಸಿಗೆ ಮನೆ ಬಿಟ್ಟು ಓಡಿಹೋದರು. (ಒಂಬತ್ತನೇ ವಯಸ್ಸಲ್ಲಿ ನಾನು ಒಬ್ಬನೇ ರಾಜಾಜಿನಗರಕ್ಕೆ ಬಸ್ಸಲ್ಲಿ ಹೋಗೋಕೂ ಹೆದರ್ತಿದ್ದೆ.) ಸೇರಿದ್ದು ಘಟ್ಟದ ಮೇಲಿನ ಅರಸೀಕೆರೆ. ಅಲ್ಲಿ ಸಿಕ್ಕ ಸಿಕ್ಕ ಕೆಲಸ ಮಾಡಿ, ಕೊನೆಗೆ ನೆಂಟರೊಬ್ಬರ ಉಡುಪಿ ಹೋಟೆಲನ್ನ ತಾವೇ ಕೊಂಡು ನಡೆಸಿದರು. ಅಷ್ಟಕ್ಕೇ ನಿಂತಿದ್ದರೆ ಕರಾವಳಿಯ ಎಷ್ಟೋ ಜನರ ಹಾಗೆ ಒಂದು ಒಳ್ಳೆ ಹೋಟೆಲ್ ಮಾಲೀಕರ ಕಥೆ ಆಗ್ತಿತ್ತು. ಆದ್ರೆ 1942 ಬಂತು. ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಗೆಳೆಯರ ಜೊತೆ ಸೇರಿ ಬಂಧನಕ್ಕೊಳಗಾದರು. ಹೊರಗೆ ಬಂದಮೇಲೆ ಹೋಟೆಲನ್ನ ತಮ್ಮನಿಗೆ ಒಪ್ಪಿಸಿ, ಡಿ. ಶಂಕರ್‌ಸಿಂಗ್ ಮತ್ತಿತರ ಗೆಳೆಯರ ಜೊತೆ ಹಾಸನ ಜಿಲ್ಲೆಯಲ್ಲಿ ಟೂರಿಂಗ್ ಟಾಕೀಸ್ ಶುರು ಮಾಡಿದರು.

ನನ್ನ ಪ್ರಕಾರ ವಿಠಲಾಚಾರ್ಯರ ಇಡೀ ಮಾಯಾಲೋಕ ಹುಟ್ಟಿದ್ದು ಈ ಟೆಂಟ್ ಒಳಗೆ. ಟೆಂಟ್ ಸಿನಿಮಾ ಹೇಗಿರ್ತಿತ್ತು ಅಂತ ನಮ್ಮ ವಯಸ್ಸಿನವರಿಗೆ ಗೊತ್ತಿಲ್ಲ, ಅಜ್ಜಿ ಹೇಳಿದ್ದನ್ನ ಬರೀತೀನಿ. ಮುಂದೆ ನೆಲ, ಮಧ್ಯೆ ಬೆಂಚು, ಹಿಂದೆ ಕುರ್ಚಿ. ಪ್ರೊಜೆಕ್ಟರ್ ಒಂದೇ. 35 ಎಂಎಂನ ಸಾವಿರ ಅಡಿ ರೀಲು ಸುಮಾರು ಹನ್ನೊಂದು ನಿಮಿಷ ಓಡುತ್ತೆ. ಒಂದೇ ಪ್ರೊಜೆಕ್ಟರ್ ಇದ್ರೆ ರೀಲು ಮುಗಿದಾಗೆಲ್ಲ ನಿಲ್ಲಿಸಿ ಇನ್ನೊಂದು ಹಾಕಬೇಕು. ಆ ಗ್ಯಾಪಲ್ಲಿ ಜನ ಸುಮ್ನೆ ಇರ್ತಾರಾ? ಮುಂದೆ ಏನಾಗುತ್ತೆ, ರಾಜಕುಮಾರಿ ಎಲ್ಲಿ ಮಾಯ ಆದ್ಲು, ಗಿಳಿಯೊಳಗೆ ಇರೋ ಪ್ರಾಣ ಯಾರದು ಅಂತ ಜೋರಾಗಿ ಚರ್ಚೆ. ಅಂದ್ರೆ ನಾವು ಹಾಸ್ಟೆಲ್‌ನಲ್ಲಿ ಮಾಡಿದ ಕೆಲಸವನ್ನೇ ಅವರು ಮರಳ ಮೇಲೆ ಕೂತು ಮಾಡ್ತಿದ್ರು. ಟೆಂಟಿಗೆ ಬಂದ ಪ್ರತಿ ಸಿನಿಮಾವನ್ನೂ ವಿಠಲಾಚಾರ್ಯರು ನೋಡ್ತಿದ್ದರಂತೆ. ಅವರ ಫಿಲಂ ಸ್ಕೂಲ್ ಅದೇ. ಜನ ಎಲ್ಲಿ ಎದ್ದು ಹೋಗ್ತಾರೆ, ಎಲ್ಲಿ ಬೀಡಿ ಹಚ್ಚೋದು ಮರೀತಾರೆ ಅನ್ನೋದು ಟೆಂಟ್ ಮಾಲೀಕನಿಗೆ ಗೊತ್ತಾಗುವಷ್ಟು ಇನ್ಯಾರಿಗೆ ಗೊತ್ತಾಗುತ್ತೆ?

1944ರಲ್ಲಿ ಮದುವೆ, ಆಮೇಲೆ ಮೈಸೂರು. ಅಲ್ಲಿ ಶಂಕರ್‌ಸಿಂಗ್ ಜೊತೆ ಸೇರಿ ಕಟ್ಟಿದ ಕಂಪನಿ ಮಹಾತ್ಮ ಪಿಕ್ಚರ್ಸ್. ಚಳವಳಿಯಿಂದ ಬಂದವರು ಈ ಹೆಸರು ಯಾಕಿಟ್ಟರು ಅಂತ ಊಹಿಸೋದು ಕಷ್ಟ ಅಲ್ಲ. ಮಹಾತ್ಮ ಅಂತ ಬೋರ್ಡ್ ಹಾಕಿಕೊಂಡು ಇವರು ತೆಗೆದಿದ್ದು ಮಾತ್ರ 'ನಾಗಕನ್ನಿಕೆ', 'ಜಗನ್ಮೋಹಿನಿ' ಥರದ ಸಿನಿಮಾಗಳನ್ನ! 1951ರ ಈ ಕನ್ನಡ 'ಜಗನ್ಮೋಹಿನಿ'ಯ ನಿರ್ದೇಶನ ಶಂಕರ್‌ಸಿಂಗ್ ಅವರದು. ಅವರ ಪತ್ನಿ ಪ್ರತಿಮಾದೇವಿ ನಟಿಸಿದ್ದ ಇದು ನೂರು ದಿನ ಓಡಿದ ಮೊದಲ ಕನ್ನಡ ಸಿನಿಮಾ ಅಂತ ಹೆಸರು ಮಾಡಿತು. ಸೊ ರೂಮ್‌ಮೇಟ್ ತೋರಿಸಿದ ತೆಲುಗು ಕ್ಲಿಪ್‌ನ ಹೆಸರು 27 ವರ್ಷ ಮುಂಚೆಯೇ ಕನ್ನಡದಲ್ಲಿ ಹಿಟ್ ಆಗಿತ್ತು. ಇದನ್ನ ಅವನಿಗೆ ಎರಡು ಸಲ ಹೇಳಿದ್ದೀನಿ.

'ಶ್ರೀನಿವಾಸ ಕಲ್ಯಾಣ'ದಿಂದ ವಿಠಲಾಚಾರ್ಯರು ನಿರ್ದೇಶನಕ್ಕೂ ಇಳಿದರು. ಆಮೇಲೆ ವಿಠಲ್ ಪ್ರೊಡಕ್ಷನ್ಸ್ ಅಂತ ಸ್ವಂತ ಸಂಸ್ಥೆ ಮಾಡಿದರು. ಕನ್ನಡದಲ್ಲಿ ತೆಗೆದ 'ಕನ್ಯಾದಾನ'ವನ್ನ ತೆಲುಗಿನಲ್ಲೂ ಮಾಡಿದರು, ಅದರಲ್ಲಿ ಮಂತ್ರ ತಂತ್ರ ಏನೂ ಇಲ್ಲ, ಸಾಮಾಜಿಕ ಕಥೆ. ಅಲ್ಲಿಂದ ಮದ್ರಾಸೇ ಮನೆ. ಅವರು ಕನ್ನಡ ಬಿಟ್ಟು ಹೋದರು ಅಂತ ಬೇಜಾರು ಮಾಡ್ಕೋಬಹುದು. ನನಗೂ ಮೊದಲು ಹಾಗೇ ಅನ್ನಿಸ್ತು. ಆದ್ರೆ ಐವತ್ತರ ದಶಕದಲ್ಲಿ ಕನ್ನಡದಲ್ಲಿ ವರ್ಷಕ್ಕೆ ಬರ್ತಿದ್ದಿದ್ದೇ ಬೆರಳೆಣಿಕೆ ಸಿನಿಮಾ, ಸ್ಟುಡಿಯೋ ಲ್ಯಾಬ್ ಹೆಚ್ಚಿನವು ಮದ್ರಾಸಲ್ಲಿ. ಒಳ್ಳೆ ಪ್ಯಾಕೇಜ್ ಸಿಕ್ಕಿದ್ರೆ ಹೈದರಾಬಾದ್‌ಗೋ ಪುಣೆಗೋ ಹೋಗೋಕೆ ರೆಡಿ ಇರೋ ನಾವು ಅವರನ್ನ ಕೇಳೋ ಹಾಗಿಲ್ಲ. ಪೂರ್ತಿ ಬಿಟ್ಟೂ ಹೋಗಲಿಲ್ಲ. 1963ರಲ್ಲಿ ಒಂದೇ ಕಥೆಯನ್ನ ಎನ್.ಟಿ.ಆರ್. ಇಟ್ಕೊಂಡು ತೆಲುಗಿನಲ್ಲಿ 'ಬಂದಿಪೋಟು' ಅಂತಲೂ, ರಾಜ್‌ಕುಮಾರ್ ಇಟ್ಕೊಂಡು ಕನ್ನಡದಲ್ಲಿ 'ವೀರಕೇಸರಿ' ಅಂತಲೂ ತೆಗೆದರು. ವೀರಕೇಸರಿಯ ಹಾಡು ನಿಮ್ಮ ಮನೆಯ ಹಿರಿಯರಿಗೆ ಗ್ಯಾರಂಟಿ ಗೊತ್ತಿರುತ್ತೆ, ಕೇಳಿ ನೋಡಿ.

ಅರವತ್ತು ಎಪ್ಪತ್ತರ ದಶಕದಲ್ಲಿ ತೆಲುಗಿನಲ್ಲಿ ಅವರು ಕಟ್ಟಿದ್ದು ಒಂದು ಫ್ಯಾಕ್ಟರಿಯನ್ನೇ. 'ಮದನ ಕಾಮರಾಜು ಕಥ', 'ಅಗ್ಗಿ ಪಿಡುಗು', 'ಗಂಡಿಕೋಟ ರಹಸ್ಯಂ', 'ಲಕ್ಷ್ಮೀ ಕಟಾಕ್ಷಂ'... ಎನ್.ಟಿ.ಆರ್. ಇಲ್ಲದಿದ್ರೆ ಕಾಂತರಾವ್. ಕತ್ತಿ, ಗುಹೆ, ಶಾಪ, ಹಾರುವ ಅಸ್ಥಿಪಂಜರ. ಸಾಲಾಗಿ ಒಂದೆರಡು ನೋಡಿದ್ರೆ ಇದೆಲ್ಲ ಒಂದೇ ಯೂನಿವರ್ಸ್ ಅನ್ನಿಸೋಕೆ ಶುರುವಾಗುತ್ತೆ, ಗುಹೆ ಕೂಡ ಎಲ್ಲೋ ನೋಡಿದ ಹಾಗಿರುತ್ತೆ. ಕಡಿಮೆ ಬಜೆಟ್, ಹಾಕಿದ ಸೆಟ್ಟನ್ನೇ ಮತ್ತೆ ಮತ್ತೆ ಬಳಸೋದು, ಹೇಳಿದ ದಿನಕ್ಕೆ ಶೂಟಿಂಗ್ ಮುಗಿಸೋದು, ಇದು ಅವರ ಪದ್ಧತಿ. ಹೋಟೆಲ್ ನಡೆಸಿದವರಿಗೆ ಬೆಳಗಿನ ಇಡ್ಲಿ ಹಿಟ್ಟನ್ನ ಸಂಜೆ ಏನು ಮಾಡಬೇಕು ಅಂತ ಗೊತ್ತಿರುತ್ತೆ.

ಇಲ್ಲಿಂದ ನಮ್ಮ ರೂಮಿನ ಥಿಯರಿಗಳು. ಮೂರು ವಾರ ನಾವು ಸಿಕ್ಕಿದ ಕ್ಲಿಪ್‌ಗಳನ್ನೆಲ್ಲ ನೋಡಿ ವಿಠಲಾಚಾರ್ಯ ಲೋಕದ ಮಂತ್ರದ ನಿಯಮ ಏನು ಅಂತ ಕಂಡುಹಿಡಿಯೋಕೆ ಹೊರಟ್ವಿ.

ಮೊದಲು ಕಣ್ಣಿಗೆ ಬಿದ್ದಿದ್ದು, ಮಂತ್ರವಾದಿ ಮಂತ್ರ ಹಾಕುವಾಗ ಓಡಲ್ಲ. ನಿಂತು, ಕೈ ಎತ್ತಿ, ಒಂದು ಕ್ಷಣ ಸ್ತಬ್ಧ. ಸ್ಯಾಂಡರ್ಸನ್ ಭಕ್ತ ಏಕಾಗ್ರತೆ, ಪ್ರಾಣಶಕ್ತಿ ಅಂತೆಲ್ಲ ಹೇಳಿದ. ನಿಜವಾದ ಉತ್ತರ ಟ್ರೈಪಾಡ್. ಮನುಷ್ಯನನ್ನ ಮಾಯ ಮಾಡಬೇಕಾದ್ರೆ ಕ್ಯಾಮೆರಾ ನಿಲ್ಲಿಸಬೇಕು, ಉಳಿದವರೆಲ್ಲ ಇದ್ದ ಹಾಗೇ ಇರಬೇಕು, ಒಬ್ಬ ಮಾತ್ರ ಎದ್ದು ಹೊರಗೆ ಹೋಗಬೇಕು, ಮತ್ತೆ ಕ್ಯಾಮೆರಾ ಶುರು. ಫ್ರಾನ್ಸಿನ ಮೆಲಿಯೆ 1890ರ ದಶಕದಲ್ಲೇ ಮಾಡಿದ ಟ್ರಿಕ್ ಇದು. ಕ್ಯಾಮೆರಾ ಒಂದು ಇಂಚು ಅಲ್ಲಾಡಿದ್ರೆ ಇಡೀ ಅರಮನೆ ಜಿಗಿಯುತ್ತೆ. ಇನ್ನೊಂದು ಮಜಾ ಏನಂದ್ರೆ, ಮೋಟರ್ ನಿಧಾನ ಆಗಿ ನಿಲ್ಲುವಾಗ ಆ ಕೊನೆಯ ಫ್ರೇಮುಗಳ ಮೇಲೆ ಬೆಳಕು ಹೆಚ್ಚು ಹೊತ್ತು ಬಿದ್ದು ಬೆಳ್ಳಗಾಗುತ್ತೆ. ಎಡಿಟರ್ ಅದನ್ನ ಕತ್ತರಿಸಬೇಕು, ಇಲ್ಲಾಂದ್ರೆ ಮಿಂಚು ಹೊಡೆದ ಹಾಗೆ ಕಾಣುತ್ತೆ. ಮಾಯ ಆಗುವ ಕಡೆ ಒಂದು ಮಿಂಚು, ಒಂದು ಹೊಗೆ ಇದ್ದೇ ಇರುತ್ತಲ್ಲ, ಜೋಡಿಸಿದ ಜಾಗ ಮುಚ್ಚೋಕೆ ಅದಕ್ಕಿಂತ ಒಳ್ಳೆ ಉಪಾಯ ಬೇಕಾ?

ನನಗೆ ತುಂಬ ಇಷ್ಟವಾದ ಥಿಯರಿ ದೆವ್ವದ್ದು. ಪಾರದರ್ಶಕ ದೆವ್ವ ಯಾಕೆ ಯಾವಾಗಲೂ ಕತ್ತಲಲ್ಲೇ ಬರುತ್ತೆ? ಡಬಲ್ ಎಕ್ಸ್‌ಪೋಷರ್‌ನಲ್ಲಿ ಒಂದೇ ಫಿಲಮ್ಮನ್ನ ಹಿಂದಕ್ಕೆ ಸುತ್ತಿ ಎರಡನೇ ಸಲ ಶೂಟ್ ಮಾಡ್ತಾರೆ. ಒಮ್ಮೆ ಫಿಲಂ ಮೇಲೆ ಬಿದ್ದ ಬೆಳಕನ್ನ ವಾಪಸ್ ತೆಗೆಯೋಕೆ ಆಗಲ್ಲ, ಮೇಲೆ ಸೇರಿಸಬಹುದು ಅಷ್ಟೆ. ಹಿಂದಿನ ಗೋಡೆ ಬೆಳ್ಳಗಿದ್ರೆ ದೆವ್ವ ಕಾಣೋದೇ ಇಲ್ಲ. ಗೋಡೆ ಕಪ್ಪಗಿದ್ರೆ ಮಾತ್ರ ದೆವ್ವಕ್ಕೆ ಬದುಕು. ಸ್ಮಶಾನ, ಗುಹೆ, ಅಮಾವಾಸ್ಯೆ, ಎಲ್ಲ ಅಜ್ಜಿ ಕಥೆಯಲ್ಲೂ ಇತ್ತು ನಿಜ. ಆದ್ರೆ ಅಜ್ಜಿ ಕಥೆಯ ನಿಯಮವೂ ಫಿಲಂನ ನಿಯಮವೂ ಒಂದೇ ಕಡೆ ಬಂದು ಸೇರುತ್ತಲ್ಲ, ಅದು ಸಖತ್.

ಶಾಪಕ್ಕೆ ಬೇರೆಯೇ ಲೆಕ್ಕ. ಹೀರೋ ಸಿನಿಮಾ ಮಧ್ಯೆ ಗಿಳಿಯೋ ಕೋತಿಯೋ ಆಗಿಬಿಡ್ತಾನೆ. ಸಿನಿಮಾ ಮಂದಿ ಇವತ್ತಿಗೂ ಹೇಳಿ ನಗುವ ಒಂದು ಕಥೆ ಇದೆ. ಯಾವುದಾದ್ರೂ ದೊಡ್ಡ ನಟ ಕಾಲ್‌ಶೀಟ್ ಕೊಡೋಕೆ ಸತಾಯಿಸಿದ್ರೆ ವಿಠಲಾಚಾರ್ಯರು ಕಥೆಯಲ್ಲಿ ಒಬ್ಬ ಋಷಿಯನ್ನ ತಂದು, ಶಾಪ ಕೊಡಿಸಿ, ಆ ಪಾತ್ರವನ್ನ ಪ್ರಾಣಿ ಮಾಡಿಬಿಡ್ತಿದ್ದರಂತೆ. ಪ್ರಾಣಿಗೆ ಕಾಲ್‌ಶೀಟ್ ಬೇಡ, ಮೇಕಪ್ ಬೇಡ, ಶೂಟಿಂಗ್ ನಿಲ್ಲಲ್ಲ. ನಟ ದಾರಿಗೆ ಬಂದಮೇಲೆ ಶಾಪವಿಮೋಚನೆ. ಈ ಕಥೆಗೆ ಎಷ್ಟು ಉಪ್ಪುಖಾರ ಬೆರೆತಿದೆಯೋ, ಆದ್ರೆ ಅವರ ಬಗ್ಗೆ ಇಂಥ ಕಥೆ ಹುಟ್ಟಿತು ಅನ್ನೋದೇ ಅವರು ಎಂಥ ಮಾಲೀಕರು ಅಂತ ಹೇಳುತ್ತೆ.

ತೆಲುಗು ಜಗನ್ಮೋಹಿನಿಗೆ ಒಂದು ವರ್ಷ ಮುಂಚೆ, 1977ರಲ್ಲಿ, ಅಮೆರಿಕದಲ್ಲಿ ಸ್ಟಾರ್ ವಾರ್ಸ್ ಬಂದಿತ್ತು. ಅದಕ್ಕಾಗಿ ಕ್ಯಾಮೆರಾ ಒಮ್ಮೆ ಚಲಿಸಿದ ದಾರಿಯಲ್ಲೇ ಮತ್ತೆ ಮತ್ತೆ ಕರಾರುವಾಕ್ಕಾಗಿ ಚಲಿಸುವ ಯಂತ್ರ ಕಟ್ಟಿದ್ದರು. ಅಲ್ಲಿ ಮಾಯೆಗೆ ಓಡೋಕೆ ಕಾಲು ಬಂದಿತ್ತು, ಇಲ್ಲಿ ಮಾಯೆ ಇನ್ನೂ ಟ್ರೈಪಾಡ್ ಮೇಲೆ ನಿಂತಿತ್ತು. ಆದ್ರೂ ಜಗನ್ಮೋಹಿನಿ ದೊಡ್ಡ ಹಿಟ್ ಆಯ್ತು, ತಮಿಳಿಗೂ ಹೋಯ್ತು. ಆಮೇಲೆ 'ಗಂಧರ್ವ ಕನ್ಯ', 'ಮದನ ಮಂಜರಿ' ಬಂದವು. ಎಂಬತ್ತರ ದಶಕ ಮುಂದೆ ಹೋದ ಹಾಗೆ ಈ ಥರದ ಕಥೆಗೆ ಕಾಲ ಮುಗೀತಾ ಬಂತು. ವಿಠಲಾಚಾರ್ಯರು 1999ರ ಮೇ 28ರಂದು ತೀರಿಕೊಂಡರು. ನಾನು ಹುಟ್ಟೋಕೆ ಇನ್ನೂ ಏಳು ವರ್ಷ ಇತ್ತು.

ಕಾಲನ್ನ ಒಲೆಗೆ ಇಡೋ ಸೀನಿಗೆ ನಮ್ಮ ಥಿಯರಿ ಹೀಗಿದೆ: ಕಾಣೋ ಕಾಲು ಡಮ್ಮಿ, ನಿಜವಾದ ಕಾಲು ಸೆಟ್ಟಿನ ಕೆಳಗಿನ ಗುಂಡಿಯಲ್ಲಿ. ಇದನ್ನ ಡಯಾಗ್ರಾಂ ಸಮೇತ ಅಜ್ಜಿಗೆ ವಿವರಿಸಿದೆ. ಅಜ್ಜಿಗೆ ಅದರಲ್ಲಿ ಇಂಟರೆಸ್ಟೇ ಬರಲಿಲ್ಲ. ಮದುವೆಯಾಗಿ ರಾಜಾಜಿನಗರಕ್ಕೆ ಬಂದಮೇಲೆ ಅವರು ಆ ಸಿನಿಮಾವನ್ನ ಓರಗಿತ್ತಿಯ ಜೊತೆ ಥಿಯೇಟರಲ್ಲೇ ನೋಡಿದ್ದರಂತೆ. ಆ ಸೀನಿಗೆ ಗಂಡಸರೆಲ್ಲ ಹೆದರಿ ಸುಮ್ಮನಾದ್ರೆ ಹೆಂಗಸರು ನಕ್ಕಿದ್ದೇ ನಕ್ಕಿದ್ದಂತೆ. ಊರಲ್ಲಿ ಮಳೆಗಾಲದ ಹಸಿ ಸೌದೆ ಊದಿ ಊದಿ ಕಣ್ಣು ಉರಿಸಿಕೊಂಡವರು, ಇಲ್ಲಿ ಬಂದು ಸೀಮೆಎಣ್ಣೆಗೆ ಕ್ಯಾನ್ ಹಿಡಿದು ಕ್ಯೂ ನಿಂತವರು ಅವರು. ಸೌದೆಯ ಗೊಡವೆಯೇ ಇಲ್ಲದೆ ಅಡುಗೆ ಮುಗಿಸೋ ದೆವ್ವವನ್ನ ಕಂಡು ಯಾರಿಗೆ ಭಯ ಆಗುತ್ತೆ ಅನ್ನೋದು ಅಜ್ಜಿಯ ಪ್ರಶ್ನೆ.

ಆಮೇಲೆ ಕನ್ನಡಕ ಹಾಕ್ಕೊಂಡು, ವಿಡಿಯೋನ ಹಿಂದಕ್ಕೆ ತಿರುಗಿಸು ಅಂದ್ರು. ಮೂರು ಸಲ ನೋಡಿ, ಗುಂಡಿ ಇದ್ರೆ ಇಲ್ಲೇ ಇರಬೇಕು ಅಂತ ಸೀರೆಯ ನೆರಿಗೆ ಹರಡಿದ್ದ ಜಾಗವನ್ನ ಬೆರಳಲ್ಲಿ ತೋರಿಸಿ, ಒಲೆ ಮೇಲಿನ ಹಾಲು ನೋಡೋಕೆ ಎದ್ದು ಹೋದ್ರು.